ಇಂಗ್ಲಿಷ್ ಪತ್ರವ್ಯವಹಾರದಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ

ನಮ್ಮ ಆಡಳಿತ ಭಾಷೆ ಕನ್ನಡ. ಆದರೂ ಕೇಂದ್ರ ಸರ್ಕಾರದ ಪರಿಶೀಲನಾ ತಂಡಗಳಿಗೆ, ಹೊರರಾಜ್ಯದ ಸಂಸ್ಥೆಗಳಿಗೆ, ನೆರವು ನೀಡಲು ಮುಂದೆ ಬರುವ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದ ಸಂದರ್ಭಗಳು ಗ್ರಾಮ ಪಂಚಾಯತಿಗಳಿಗೆ ಒದಗುತ್ತವೆ. ಸೇವೆಗೆ ಸೇರಿದ ಹೊಸತರಲ್ಲಿ ನಾನು ಅಂಥದೊಂದು ಪತ್ರ ಬರೆದೆ. ಒಂದು ಕಾಲನಿಯ ಮೂರು ಕೊಳವೆಬಾವಿಗಳ ನೀರು ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿತ್ತು. ಶುದ್ಧ ನೀರಿನ ಘಟಕ ಸ್ಥಾಪಿಸಲು ಒಂದು ಸಂಸ್ಥೆ ಒಪ್ಪಿತ್ತು. ‘ದಿ ಸ್ಯಾಂಪಲ್ಸ್ ಫ್ರಮ್ ದಿ ಕಾಲನಿ ಈಸ್ ಅನ್‌ಫಿಟ್ ಫಾರ್ ಡ್ರಿಂಕಿಂಗ್’ ಎಂದು ನಮೂದಿಸಿ ಕಳುಹಿಸಿದೆ. ಕೆಟ್ಟಿರುವುದು ಒಂದು ಮಾದರಿಯೋ, ಮೂರೂ ಮಾದರಿಗಳೋ ಎಂದು ಸ್ಪಷ್ಟನೆ ಕೇಳಿ ಪತ್ರ ಹಿಂದಿರುಗಿತು. ಉತ್ತರ ತಲುಪುವಷ್ಟರಲ್ಲಿ ಅವರ ಆ ತಿಂಗಳ ಸಭೆ ಮುಗಿದಿತ್ತು. ಬೇಸಿಗೆಯ ಇನ್ನೂ ಒಂದು ತಿಂಗಳು ಕಾಲನಿಯ ಹೆಣ್ಣುಮಕ್ಕಳು ಊರಾಚೆಯ ತೋಟದ ಬಾವಿಯಿಂದ ನೀರು ಹೊತ್ತರು.

ನಾಲ್ಕು ವರ್ಷ ಎಂಜಿನಿಯರಿಂಗ್ ಅನ್ನು ಇಂಗ್ಲಿಷಿನಲ್ಲೇ ಓದಿದವನಿಗೆ ಈ ತಪ್ಪು ಏಕಾಯಿತೆಂದು ಆಗ ಯೋಚಿಸಿದೆ. ಹೊಂದಾಣಿಕೆ ಕನ್ನಡಿಗರಿಗೆ ಹೊಸದಲ್ಲ. ಬಂದನು, ಬಂದಳು, ಬಂದಿತು, ಬಂದರು, ಬಂದವು, ಬಂದೆನು ಎಂದು ಲಿಂಗ, ವಚನ, ಪುರುಷಕ್ಕೆ ತಕ್ಕಂತೆ ಆಖ್ಯಾತ ಪ್ರತ್ಯಯಗಳನ್ನು ತಪ್ಪಿಲ್ಲದೆ ಬಳಸುವವರು ನಾವು. ಇಂಗ್ಲಿಷಿನಲ್ಲಿ ಉಳಿದಿರುವುದು ಬಹಳ ಕಡಿಮೆ: ‘ಆಮ್, ಈಸ್, ಆರ್, ವಾಸ್, ವರ್’ ಎಂಬ ರೂಪಗಳು, ‘ಹ್ಯಾಸ್–ಹ್ಯಾವ್’, ‘ಡಸ್–ಡೂ’, ಮತ್ತು ವರ್ತಮಾನ ಕಾಲದ ಪ್ರಥಮ ಪುರುಷ ಏಕವಚನದಲ್ಲಿ ಕ್ರಿಯಾಪದದ ಕೊನೆಗೆ ಸೇರುವ ‘ಎಸ್’. ‘ಕ್ಯಾನ್, ವಿಲ್, ಶಲ್, ಮಸ್ಟ್’ ಎಂಬವು ಯಾರ ಮುಂದೆಯೂ ಬದಲಾಗುವುದಿಲ್ಲ.

ಆ ‘ಎಸ್’ ಅಕ್ಷರವೇ ಮೊದಲ ಎಡವುಗಲ್ಲು. ನಾಮಪದದ ಕೊನೆಯಲ್ಲಿ ಅದು ನಮ್ಮ ‘ಗಳು’ ಇದ್ದಂತೆ ಬಹುವಚನ ಸೂಚಕ. ಕ್ರಿಯಾಪದದ ಕೊನೆಯಲ್ಲಿ ಏಕವಚನದ ಗುರುತು. ಆದುದರಿಂದ ‘ಫಾರ್ಮರ್ಸ್ ವಾಂಟ್ಸ್’ ಎಂದು ಎರಡೂ ಕಡೆ ಹಚ್ಚುವುದು ತಪ್ಪು. ‘ಫಾರ್ಮರ್ ವಾಂಟ್ಸ್’, ‘ಫಾರ್ಮರ್ಸ್ ವಾಂಟ್’ ಎಂಬವು ಸರಿ. ನಿಷೇಧದಲ್ಲಿ ಅದು ‘ಡಸ್’ ಒಳಗೆ ಸೇರಿಹೋಗುವುದರಿಂದ ‘ಡಸ್ ನಾಟ್ ವಾಂಟ್’ ಎಂದಷ್ಟೇ ಬರೆಯಬೇಕು. ನಿಷೇಧದಲ್ಲಿ ಎಡವಲು ಇನ್ನೊಂದು ಕಾರಣವಿದೆ. ಹಣವಿಲ್ಲ, ಕಡತಗಳಿಲ್ಲ, ಅವರಿಲ್ಲ ಎಂಬಲ್ಲೆಲ್ಲ ನಮ್ಮ ‘ಇಲ್ಲ’ ಒಂದೇ ರೂಪದಲ್ಲಿರುತ್ತದೆ. ಅಲ್ಲಿ ವಚನವನ್ನು ಯೋಚಿಸುವ ರೂಢಿಯೇ ನಮಗಿಲ್ಲ.

ಎರಡನೆಯದು ಗೌರವ ಬಹುವಚನ. ‘ಅಧ್ಯಕ್ಷರು ಬಂದಿದ್ದಾರೆ’ ಎಂದು ಯೋಚಿಸಿದ ಕೈ ‘ದಿ ಪ್ರೆಸಿಡೆಂಟ್ ಹ್ಯಾವ್ ಅರೈವ್ಡ್’ ಎಂದು ಬರೆದುಬಿಡುತ್ತದೆ. ‘ಹ್ಯಾಸ್’ ಎಂದು ತಿದ್ದಿದಾಗ ನಮ್ಮ ಕಚೇರಿಯ ಸಿಬ್ಬಂದಿಯೊಬ್ಬರು, “ಸಾರ್, ಏಕವಚನದಲ್ಲಿ ಬರೆದರೆ ಮೇಡಂ ಬೇಸರ ಮಾಡಿಕೊಳ್ಳುವುದಿಲ್ಲವೇ?” ಎಂದು ಕೇಳಿದ್ದರು. ಸಂಕೋಚ ಸಹಜ, ಆದರೆ ಇಂಗ್ಲಿಷಿನಲ್ಲಿ ರಾಷ್ಟ್ರಪತಿಯವರಿಗೂ ‘ಹ್ಯಾಸ್’ ಎಂದೇ ಬರೆಯಬೇಕು. ಆ ಭಾಷೆಯಲ್ಲೂ ಹಿಂದೆ ‘ದೌ’ ಎಂಬ ಏಕವಚನ ಮತ್ತು ನಮ್ಮ ‘ನೀವು’ ಇದ್ದಂತೆ ಗೌರವಕ್ಕೂ ಸಲ್ಲುತ್ತಿದ್ದ ‘ಯೂ’ ಎಂಬ ಬಹುವಚನ ಇದ್ದವು. ಕ್ರಮೇಣ ‘ದೌ’ ಬಳಕೆ ತಪ್ಪಿತು. ಇಂದು ಎದುರಿಗಿರುವವರು ಮಗುವಾದರೂ ‘ಯೂ ಆರ್’ ಎನ್ನುವುದು ಇದರಿಂದಲೇ.

ನಮ್ಮ ಪತ್ರಗಳಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಪದಗಳ ಸ್ಥಾನದಿಂದ ಎಂಬುದು ನನ್ನ ಅನುಭವ. ಕನ್ನಡದಲ್ಲಿ ವಿಶೇಷಣಗಳು ಮೊದಲು, ಮುಖ್ಯಪದ ಅನಂತರ, ಕ್ರಿಯಾಪದ ಕೊನೆಗೆ. ‘ಫಲಾನುಭವಿಗಳ ಪಟ್ಟಿ ಸಿದ್ಧವಾಗಿದೆ’ ಎಂಬಲ್ಲಿ ಕರ್ತೃವಾದ ‘ಪಟ್ಟಿ’ ಕ್ರಿಯಾಪದದ ಪಕ್ಕದಲ್ಲೇ ಇದೆ. ಕಿವಿಗೆ ಕೇಳಿದಂತೆ ಬರೆದರೂ ಸರಿಯಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಮ ತಲೆಕೆಳಗು: ‘ದಿ ಲಿಸ್ಟ್ ಆಫ್ ಬೆನಿಫಿಷಿಯರೀಸ್ ಈಸ್ ರೆಡಿ’. ಮುಖ್ಯಪದ ‘ಲಿಸ್ಟ್’ ದೂರ ಉಳಿದು, ‘ಬೆನಿಫಿಷಿಯರೀಸ್’ ನಡುವೆ ಬಂದು ಕುಳಿತಿದೆ. ಪಕ್ಕದ ಪದಕ್ಕೇ ಕ್ರಿಯಾಪದವನ್ನು ಹೊಂದಿಸುವ ನಮ್ಮ ಅಭ್ಯಾಸ ಅಲ್ಲಿ ‘ಆರ್’ ಎಂದು ಬರೆಸುತ್ತದೆ. ನನ್ನ ಪತ್ರದಲ್ಲಿ ಆದದ್ದೂ ಇದೇ. ಕರ್ತೃ ‘ಸ್ಯಾಂಪಲ್ಸ್’, ಪಕ್ಕದಲ್ಲಿದ್ದ ‘ಕಾಲನಿ’ ಎಂಬ ಏಕವಚನ ‘ಈಸ್’ ಎಂದು ಬರೆಸಿತು.

ಇದಕ್ಕೆ ನಾನು ಅನುಸರಿಸುವ ವಿಧಾನ ಸರಳವಾದದ್ದು. ಕರಡು ಪ್ರತಿಯಲ್ಲಿ ಕರ್ತೃವಿನ ನಂತರ ‘ಆಫ್, ಫ್ರಮ್, ಇನ್’ ಎಂದು ಆರಂಭವಾಗಿ ಕ್ರಿಯಾಪದದವರೆಗೆ ಬರುವ ಭಾಗವನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕಿ, ಉಳಿದುದನ್ನು ಓದಬೇಕು. ‘ಒನ್ ಆಫ್ ದಿ ಮೋಟರ್ಸ್ ಹ್ಯಾಸ್ ಫೇಲ್ಡ್’ ಎಂಬಲ್ಲಿ ಉಳಿಯುವುದು ‘ಒನ್ ಹ್ಯಾಸ್ ಫೇಲ್ಡ್’. ‘ಅಲಾಂಗ್ ವಿತ್’ ಬಂದಾಗಲೂ ಹೀಗೆಯೇ: ಸದಸ್ಯರೊಂದಿಗೆ ಅಧ್ಯಕ್ಷರು ಸ್ಥಳ ಪರಿಶೀಲಿಸಿದ್ದರೆ ಕರ್ತೃ ಅಧ್ಯಕ್ಷರೊಬ್ಬರೇ, ಆದ್ದರಿಂದ ‘ಹ್ಯಾಸ್’. ‘ಅಂಡ್’ ಬಳಸಿ ಇಬ್ಬರನ್ನೂ ಜೋಡಿಸಿದರೆ ‘ಹ್ಯಾವ್’. ಈ ವಿಧಾನಕ್ಕೆ ಒಗ್ಗದ ಒಂದು ಪ್ರಯೋಗ ‘ಎ ನಂಬರ್ ಆಫ್’. ಅದರ ಅರ್ಥ ‘ಹಲವು’ ಎಂದಿರುವುದರಿಂದ ಬಹುವಚನ ಬೇಕು. ‘ದಿ ನಂಬರ್ ಆಫ್’ ಎಂದರೆ ‘ಸಂಖ್ಯೆ’, ಅದಕ್ಕೆ ಏಕವಚನ.

ಹಣದ ವಿಷಯದಲ್ಲಿ ಕನ್ನಡವೇ ದಾರಿ ತೋರುತ್ತದೆ. ‘ಹತ್ತು ಲಕ್ಷ ರೂಪಾಯಿ ಬಿಡುಗಡೆಯಾಗಿದೆ’ ಎಂದು ಒಂದು ಮೊತ್ತವಾಗಿ ಹೇಳುವಂತೆ ಅಲ್ಲಿಯೂ ‘ಟೆನ್ ಲ್ಯಾಕ್ ರುಪೀಸ್ ಹ್ಯಾಸ್ ಬೀನ್ ರಿಲೀಸ್ಡ್’. ಆದರೆ ‘ಫಂಡ್ಸ್’ ಎಂದು ಬರೆದರೆ ‘ಹ್ಯಾವ್’ ಬರಬೇಕು. ಮನೆಗಳ ಲೆಕ್ಕದಲ್ಲಿ ಈ ದಾರಿ ನಡೆಯದು. ‘ಐದು ಮನೆ ಬಿದ್ದಿದೆ’ ಎಂಬ ಆಡುಮಾತನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸದೆ, ‘ಫೈವ್ ಹೌಸಸ್ ಹ್ಯಾವ್ ಕೊಲ್ಯಾಪ್ಸ್ಡ್’ ಎಂದು ಬರೆಯಬೇಕು. ಮಳೆಹಾನಿ ವರದಿಯಲ್ಲಿ ಇದು ಪರಿಹಾರದ ಲೆಕ್ಕಕ್ಕೆ ಸಂಬಂಧಿಸಿದ ವಾಕ್ಯ.

ಅಭ್ಯಾಸಕ್ಕಾಗಿ ಎರಡು ವಾಕ್ಯಗಳು. ‘ದಿ ಕಂಡಿಷನ್ ಆಫ್ ದಿ ರೋಡ್ಸ್ ಆರ್ ಬ್ಯಾಡ್’. ‘ದಿ ಬಿಲ್ಸ್ ಆಫ್ ದಿ ಕಾಂಟ್ರ್ಯಾಕ್ಟರ್ ಈಸ್ ಪೆಂಡಿಂಗ್’. ಪೆನ್ಸಿಲ್ ಹಿಡಿದು ನೋಡಿದರೆ ಮೊದಲನೆಯದರಲ್ಲಿ ‘ಈಸ್’, ಎರಡನೆಯದರಲ್ಲಿ ‘ಆರ್’ ಬರಬೇಕೆಂಬುದು ತಮಗೆ ಕಾಣುತ್ತದೆ.