ಹಾರ್ಮೋನಿಯಂ ಮನೆಗಳೂ ಶುದ್ಧಶ್ರುತಿಯೂ

ಪ್ರಾರ್ಥನೆ, ಭಜನೆ, ನಾಟಕ, ಸಂಗೀತಪಾಠ ಇವುಗಳಲ್ಲಿ ಹಾರ್ಮೋನಿಯಂ ವಾದ್ಯಕ್ಕಿರುವ ಬಳಕೆ ಸರ್ವವಿದಿತವಾದುದು. ತಿದಿಯನ್ನೊತ್ತಿ ಮನೆಯ ಮೇಲೆ ಬೆರಳಿಟ್ಟರೆ ಸ್ವರ ಸಿದ್ಧವಾಗಿ ಹೊರಡುತ್ತದೆ; ವೀಣೆಯವನಂತೆ ತಂತಿ ಬಿಗಿಯಬೇಕಾಗಿಲ್ಲ, ಕೊಳಲಿನವನಂತೆ ಉಸಿರು ಪಳಗಿಸಬೇಕಾಗಿಲ್ಲ. ಸ್ವರವು ಸಿದ್ಧವಾಗಿರುವುದೇ ಈ ವಾದ್ಯದ ಗುಣ. ಅದನ್ನು ತಿದ್ದಲು ಬಾರದಿರುವುದೇ ಅದರ ದೋಷ. ಈ ದೋಷದ ಪರಿಹಾರಕ್ಕಾಗಿ ಅನೇಕ ಶತಮಾನಗಳಿಂದ ನಡೆದ ಯತ್ನಗಳು ಇಂದು ಗಣಕಯಂತ್ರದ ತಂತ್ರಾಂಶದಲ್ಲಿ ಬಂದು ನಿಂತಿವೆ. ಅದರ ಸ್ವರೂಪವೇನು, ಅದರಿಂದ ಸಾಧ್ಯವಾದುದೆಷ್ಟು, ಸಾಧ್ಯವಾಗದುದೆಷ್ಟು ಎಂಬುದನ್ನು ಸಂಗೀತ ಕಲಿಸುವವರೂ ಶಾಲೆಗೆ ವಾದ್ಯಗಳನ್ನು ಒದಗಿಸುವವರೂ ಅರಿತಿರುವುದು ಲೇಸು.

1. ಸಹಜ ಸ್ವರ, ಸಮಪಾಲಿನ ಸ್ವರ

ಎರಡು ಸ್ವರಗಳು ಒಂದರೊಡನೊಂದು ಹೊಂದುವುದು ಅವುಗಳ ಕಂಪನಸಂಖ್ಯೆಗಳ ಸರಳವಾದ ಪ್ರಮಾಣದಿಂದ. ಷಡ್ಜವು ಸೆಕೆಂಡಿಗೆ 240 ಕಂಪನಗಳದೆಂದು ಇಟ್ಟುಕೊಳ್ಳೋಣ. ಪಂಚಮವು ಅದರ 3/2 ಪಟ್ಟು, ಅಂದರೆ 360. ಅಂತರಗಾಂಧಾರವು 5/4 ಪಟ್ಟು, ಅಂದರೆ 300. ಶುದ್ಧಮಧ್ಯಮವು 4/3 ಪಟ್ಟು, ಅಂದರೆ 320. ಇವು ಯಾರೋ ಗೊತ್ತುಮಾಡಿದ ಅಂಕಿಗಳಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಬಳಿ ಮೌನವಾಗಿ ಕುಳಿತರೆ, ಯಾರೂ ಮೀಟದ ಗಾಂಧಾರವು ಮಂದ್ರಷಡ್ಜದ ತಂತಿಯಿಂದಲೇ ಏಳುವುದು ಕಿವಿಗೆ ಬೀಳುತ್ತದೆ. ಹೀಗೆ ತಾನಾಗಿ ಹುಟ್ಟುವ ಸ್ವರಗಳನ್ನು ಸ್ವಯಂಭೂ ಸ್ವರಗಳೆಂದು ಕರೆಯುವುದುಂಟು. ಇಂತಹ ಸರಳ ಪ್ರಮಾಣಗಳಿಂದ ಕೂಡಿಸಿದ ಸ್ವರವ್ಯವಸ್ಥೆಯೇ ಶುದ್ಧಶ್ರುತಿ.

ಈಗಿನ ಹಾರ್ಮೋನಿಯಂ, ಪಿಯಾನೋ ಮತ್ತು ವಿದ್ಯುತ್ ಕೀಬೋರ್ಡುಗಳ ಕ್ರಮ ಬೇರೆ. ಅವುಗಳಲ್ಲಿ ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಲಾಗಿದೆ. ಅಳತೆಗಾಗಿ ಸ್ಥಾಯಿಯನ್ನು 1200 ಸೆಂಟುಗಳೆಂದು ಎಣಿಸಿದರೆ ಒಂದೊಂದು ಮನೆಗೆ 100 ಸೆಂಟು. ಸಹಜವಾದ ಪಂಚಮವು ಸುಮಾರು 702 ಸೆಂಟು. ಯಂತ್ರದ ಪಂಚಮ 700. ಈ ಭೇದ ಅತ್ಯಲ್ಪ. ಆದರೆ ಸಹಜ ಗಾಂಧಾರವು ಸುಮಾರು 386 ಸೆಂಟು, ಯಂತ್ರದ್ದು 400. ಕಂಪನಗಳಲ್ಲಿ ಹೇಳುವುದಾದರೆ 300ರ ಸ್ಥಾನದಲ್ಲಿ 302.4 ಕೇಳುತ್ತದೆ. ಷಡ್ಜದೊಡನೆ ಅದನ್ನು ಹಿಡಿದಾಗ ಷಡ್ಜದ ಐದನೆಯ ಮೇಲುಸ್ವರವು 1200 ಕಂಪನಗಳಾದರೆ, ಗಾಂಧಾರದ ನಾಲ್ಕನೆಯದು 1209.5 ಆಗುತ್ತದೆ. ಇವೆರಡರ ಘರ್ಷಣೆಯಿಂದ ನಾದವು ಸೆಕೆಂಡಿಗೆ ಒಂಬತ್ತು ಹತ್ತು ಸಲ ಏರಿಳಿದು ನಡುಗುತ್ತದೆ. ಭೌತಶಾಸ್ತ್ರದಲ್ಲಿ ಈ ನಡುಕಕ್ಕೆ ವಿಸ್ಪಂದವೆಂದು ಹೆಸರು. ಹಾರ್ಮೋನಿಯಂನ ಗಾಂಧಾರ ಒರಟೆಂದು ಹಿರಿಯ ಗಾಯಕರು ಹೇಳುತ್ತಿದ್ದುದು ಬರಿಯ ಅಭಿಮಾನದ ಮಾತಲ್ಲ. ಎಣಿಸಿ ತೋರಿಸಬಹುದಾದ ಸಂಗತಿ.

2. ಒಂದೇ ಧೈವತ, ಎರಡು ಸ್ಥಾನ

ಹಾಗಾದರೆ ಹಾರ್ಮೋನಿಯಂನ ರೀಡುಗಳನ್ನು ಕೆರೆದು ಶುದ್ಧಶ್ರುತಿಗೆ ಕೂಡಿಸಿಬಿಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಕೂಡಿಸಬಹುದು, ಆದರೆ ಆಗ ಬೇರೊಂದು ತೊಡಕು ಹುಟ್ಟುತ್ತದೆ. ಮಧ್ಯಮದ 5/4 ಪಟ್ಟಿನಿಂದ ಪಡೆದ ಧೈವತವು 400 ಕಂಪನಗಳದು. ಪಂಚಮದ ಪಂಚಮವಾದ ಚತುಶ್ರುತಿ ರಿಷಭವು 270; ಆ ರಿಷಭದ ಪಂಚಮವಾಗಿ ಪಡೆದ ಧೈವತವು 405. ಎರಡೂ ಧೈವತವೇ, ಎರಡೂ ನ್ಯಾಯವಾದವೇ. ಇವುಗಳ ಅಂತರ 81/80, ಸುಮಾರು 21.5 ಸೆಂಟು. ಪೆಟ್ಟಿಗೆಯಲ್ಲಿ ಧೈವತಕ್ಕೆ ಇರುವುದು ಒಂದೇ ಮನೆ. 400ಕ್ಕೆ ಕೂಡಿಸಿದ ಪೆಟ್ಟಿಗೆಯಲ್ಲಿ, ಹಾಡುವವರ ಕಂಠಕ್ಕೆ ತಕ್ಕಂತೆ ಷಡ್ಜವನ್ನು ರಿಷಭದ ಮನೆಗೆ ಸರಿಸಿದೊಡನೆ, ಪಂಚಮದ ಸ್ಥಾನಕ್ಕೆ ಬರುವುದು ಅದೇ 400. ಬರಬೇಕಾದುದು 405. ಷಡ್ಜ ಪಂಚಮಗಳೇ ಜಗಳವಾಡತೊಡಗುತ್ತವೆ. ಎಲ್ಲ ಮನೆಗಳನ್ನೂ ಷಡ್ಜವಾಗಿ ಬಳಸಲು ಅನುಕೂಲವಾಗಲೆಂದೇ ಪಾಶ್ಚಾತ್ಯರು ಸಮಪಾಲನ್ನು ಒಪ್ಪಿಕೊಂಡರು. ಅದು ಅಜ್ಞಾನವಲ್ಲ, ತಿಳಿದು ಮಾಡಿಕೊಂಡ ರಾಜಿ.

ಈ ಸೂಕ್ಷ್ಮವು ಭಾರತೀಯ ಶಾಸ್ತ್ರಕಾರರಿಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಮಧ್ಯಮಗ್ರಾಮದ ಪಂಚಮವು ಷಡ್ಜಗ್ರಾಮದ ಪಂಚಮಕ್ಕಿಂತ ಒಂದು ಶ್ರುತಿ ಕೆಳಗಿನದು. ಈ ಅಂತರವೇ ಪ್ರಮಾಣಶ್ರುತಿ. ಸಮಾನವಾದ ಎರಡು ವೀಣೆಗಳನ್ನು ಇಟ್ಟು, ಒಂದನ್ನು ಹಂತಹಂತವಾಗಿ ಇಳಿಸಿ ಮತ್ತೊಂದರೊಡನೆ ಹೋಲಿಸಿ 22 ಶ್ರುತಿಗಳನ್ನು ತೋರಿಸುವ ವಿಧಾನವನ್ನು ಅಲ್ಲಿ ಹೇಳಿದೆ. ಪ್ರಮಾಣಶ್ರುತಿಯೆಂದರೆ 81/80 ಎಂಬುದು ಆಧುನಿಕ ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ.

ವಿಜಯನಗರದ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯನು ಸ್ವರಮೇಳಕಲಾನಿಧಿಯನ್ನು ರಚಿಸಿದನು. ಅದರಲ್ಲಿ ವೀಣೆಗಳನ್ನು ಸರ್ವರಾಗಮೇಳ, ಏಕರಾಗಮೇಳ ಎಂದು ಎರಡು ಬಗೆಯಾಗಿ ಹೇಳಿದ್ದಾನೆ. ಮೊದಲನೆಯದರಲ್ಲಿ ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟಿಲುಗಳು ನೆಲೆಯಾಗಿ ನಿಂತಿರುತ್ತವೆ. ಎರಡನೆಯದರಲ್ಲಿ ನುಡಿಸುವ ಒಂದು ರಾಗಕ್ಕೆ ತಕ್ಕಂತೆ ಅವುಗಳನ್ನು ಇಡಬೇಕು. ಹಾರ್ಮೋನಿಯಂ ಸರ್ವರಾಗಮೇಳದ ವಾದ್ಯ. ಶುದ್ಧಶ್ರುತಿ ಬಯಸುವುದು ಏಕರಾಗಮೇಳವನ್ನು. ಸಮಸ್ಯೆಯ ತಿರುಳೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

3. ಮರ ಮತ್ತು ಲೋಹದಲ್ಲಿ ನಡೆದ ಯತ್ನಗಳು

ಮನೆಗಳ ಸಂಖ್ಯೆಯನ್ನು ಹೆಚ್ಚಿಸುವುದು ಮೊದಲು ಹೊಳೆದ ಉಪಾಯ. ಇಟಲಿಯ ನಿಕೋಲಾ ವಿಚೆಂಟೀನೋ ತನ್ನ 1555ರ ಗ್ರಂಥದಲ್ಲಿ ಸ್ಥಾಯಿಯನ್ನು ಹನ್ನೆರಡಕ್ಕಿಂತ ಬಹು ಸೂಕ್ಷ್ಮವಾಗಿ ವಿಭಜಿಸಿದ ಕೀಲಿವಾದ್ಯವನ್ನು ವರ್ಣಿಸಿದನು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ನಾದಸಂವೇದನೆಯ ಮೇಲಿನ ತನ್ನ ಮಹಾಗ್ರಂಥವನ್ನು ಪ್ರಕಟಿಸಿ, ಶುದ್ಧಶ್ರುತಿಯ ಹಾರ್ಮೋನಿಯಂ ಒಂದನ್ನು ಪ್ರಯೋಗಕ್ಕಾಗಿ ಮಾಡಿಸಿಕೊಂಡನು. ಇಂಗ್ಲೆಂಡಿನ ಬೋಸಾಂಕೆ 1870ರ ದಶಕದಲ್ಲಿ ಸ್ಥಾಯಿಯನ್ನು 53 ಭಾಗ ಮಾಡಿದ ಹಾರ್ಮೋನಿಯಂ ಕಟ್ಟಿಸಿದನು. ಬರ್ಲಿನ್ನಿನಲ್ಲಿ ಓದುತ್ತಿದ್ದ ಜಪಾನಿನ ಶೋಹೆ ತನಾಕ ಅದೇ ಶತಮಾನದ ಕೊನೆಯಲ್ಲಿ ಶುದ್ಧಶ್ರುತಿಯ ಮತ್ತೊಂದು ವಾದ್ಯವನ್ನು ರೂಪಿಸಿದನು.

ಭಾರತದಲ್ಲಿ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಅವರು 1910ರಲ್ಲಿ 22 ಶ್ರುತಿಗಳ ಕುರಿತು ಪುಸ್ತಕ ಪ್ರಕಟಿಸಿದರು. ಅವರೂ ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಕ್ಲೆಮೆಂಟ್ಸ್ ಅವರೂ ಪ್ರಚಾರಪಡಿಸಿದ ಶ್ರುತಿ ಹಾರ್ಮೋನಿಯಂ 1916ರ ಬರೋಡೆಯ ಸಂಗೀತ ಸಮ್ಮೇಳನದಲ್ಲಿ ಚರ್ಚೆಗೆ ಬಂದಿತು. ವಾದವಿವಾದ ಅಲ್ಲಿಗೆ ಮುಗಿಯಲಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ವಾದನವನ್ನೇ ನಿಷೇಧಿಸಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ, ಅದೂ ಕೆಲವು ಕಟ್ಟುಪಾಡುಗಳೊಡನೆ.

ಈ ವಾದ್ಯಗಳೆಲ್ಲ ಶಾಸ್ತ್ರಕ್ಕೆ ಸಾಕ್ಷಿಯಾದವು. ಬಳಕೆಗೆ ಬಾರದೆ ಹೋದವು. ಮನೆಗಳು ಹೆಚ್ಚಿದಷ್ಟೂ ಬೆರಳಿಗೆ ದಾರಿ ತಪ್ಪುತ್ತದೆ, ಬೆಲೆ ಏರುತ್ತದೆ, ರೀಡುಗಳನ್ನು ಶ್ರುತಿಯಲ್ಲಿ ಉಳಿಸಿಕೊಳ್ಳುವ ಕೆಲಸ ಬೆಳೆಯುತ್ತದೆ.

4. ತಂತ್ರಾಂಶವು ತಂದ ಮಾರ್ಪಾಡು

1983ರಲ್ಲಿ ವಿದ್ಯುತ್ ವಾದ್ಯಗಳು ಪರಸ್ಪರ ಮಾತನಾಡುವುದಕ್ಕೆ ಮಿಡಿ ಎಂಬ ಒಂದು ಸಮಾನ ಭಾಷೆ ಏರ್ಪಟ್ಟಿತು. ಇದರಲ್ಲಿ ಕೀಲಿಯನ್ನು ಒತ್ತಿದಾಗ ಹೊರಡುವುದು ನಾದವಲ್ಲ, 0ಯಿಂದ 127ರ ವರೆಗಿನ ಒಂದು ಸಂಖ್ಯೆ. ಇಂತಹ ಮನೆಯನ್ನು ಇಷ್ಟು ಬಲದಿಂದ ಒತ್ತಲಾಯಿತು ಎಂಬುದಷ್ಟೇ ಆ ಸಂದೇಶ. ಆ ಸಂಖ್ಯೆಗೆ ಎಷ್ಟು ಕಂಪನಗಳೆಂದು ನಿರ್ಣಯಿಸುವುದು ಸ್ವರವನ್ನು ಉಂಟುಮಾಡುವ ಯಂತ್ರ. ಹಳೆಯ ಪೆಟ್ಟಿಗೆಯಲ್ಲಿ ಮನೆಯೂ ರೀಡೂ ಬೇರ್ಪಡದ ಜೋಡಿ. ಇಲ್ಲಿ ಮನೆ ಬರಿಯ ಹೆಸರಾಯಿತು, ಸ್ವರ ಅದರ ಅರ್ಥವಾಯಿತು. ಸಂದರ್ಭಕ್ಕೆ ತಕ್ಕಂತೆ ಒಂದೇ ಶಬ್ದಕ್ಕೆ ಬೇರೆ ಬೇರೆ ಅರ್ಥ ಬರುವಂತೆ, ಒಂದೇ ಮನೆಗೆ ಬೇರೆ ಬೇರೆ ಧೈವತ ಬರುವುದು ಸಾಧ್ಯವಾಯಿತು.

ಮೊದಲು ಇದಕ್ಕೆ ಬಳಸಿದ ಮಾರ್ಗ ಸ್ವಲ್ಪ ಸುತ್ತಿನದು. ಸ್ವರವನ್ನು ಜಾರಿಸುವ ಆಜ್ಞೆಯಲ್ಲಿ 16384 ಹಂತಗಳಿವೆ. ಆದರೆ ಆ ಆಜ್ಞೆ ಒಂದು ವಾಹಿನಿಯ ಎಲ್ಲ ಸ್ವರಗಳಿಗೂ ಒಟ್ಟಿಗೆ ತಗಲುತ್ತದೆ. ಆದುದರಿಂದ ತಂತ್ರಾಂಶವು ಏಕಕಾಲದಲ್ಲಿ ನುಡಿಯುವ ಸ್ವರಗಳನ್ನು ಮಿಡಿಯ 16 ವಾಹಿನಿಗಳಿಗೆ ಹಂಚಿ, ಒಂದೊಂದನ್ನೂ ಪ್ರತ್ಯೇಕವಾಗಿ ತಿದ್ದುತ್ತದೆ. 1992ರಲ್ಲಿ ಶ್ರುತಿಗಾಗಿಯೇ ಒಂದು ನಿಯಮ ಸೇರಿ, ಅರ್ಧಸ್ವರದ 16384ನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ ಪ್ರತಿ ಮನೆಯ ಸ್ವರವನ್ನು ಗೊತ್ತುಮಾಡಲು ಅವಕಾಶವಾಯಿತು.

ನೆದರ್ಲೆಂಡ್ಸಿನ ಮಾನುಯೆಲ್ ಆಪ್ ದೆ ಕೌಲ್ ರಚಿಸಿದ ಸ್ಕಾಲಾ ಎಂಬ ತಂತ್ರಾಂಶದ ಕಡತವು ಅತಿ ಸರಳವಾದುದು. ಸ್ವರಗಳೆಷ್ಟೆಂಬ ಸಂಖ್ಯೆ, ಅನಂತರ ಸಾಲಿಗೊಂದರಂತೆ ಅವುಗಳ ಪ್ರಮಾಣ: 16/15, 9/8, 6/5, 5/4, 4/3, ಹೀಗೆ ಮೇಲಿನ ಷಡ್ಜವಾದ 2/1ರ ವರೆಗೆ. ಅಂಕಗಣಿತ ಬಲ್ಲ ಯಾವ ಅಧ್ಯಾಪಕನೂ ಇದನ್ನು ಸ್ವತಃ ಬರೆಯಬಹುದು. ಧೈವತದ ಸಾಲಿನಲ್ಲಿ 5/3 ಎಂದು ಬರೆದರೆ 400. ಅಳಿಸಿ 27/16 ಎಂದು ಬರೆದರೆ 405. ಷಡ್ಜವನ್ನು ಸರಿಸಿದರೆ ಉಳಿದೆಲ್ಲ ಸ್ವರಗಳ ಲೆಕ್ಕ ತಕ್ಷಣ ತಾನಾಗಿ ಆಗುತ್ತದೆ. ರಾಮಾಮಾತ್ಯನ ಏಕರಾಗಮೇಳವು ರಾಗರಾಗಕ್ಕೂ ಹೊಸದಾಗಿ ಸಿದ್ಧವಾದಂತಾಯಿತು.

5. ಯಂತ್ರವು ಅರಿಯದ ವಿಷಯ

ಇಷ್ಟಾದರೂ ಯಾವ ಧೈವತ ಬೇಕೆಂಬುದನ್ನು ಯಂತ್ರ ತಾನೇ ತಿಳಿಯಲಾರದೇ? ಜರ್ಮನಿಯ ವೆರ್ನರ್ ಮೋರ್ಲೋಕ್ ರೂಪಿಸಿದ ಹೆರ್ಮೋಡ್ ಪದ್ಧತಿಯು, ಆ ಕ್ಷಣದಲ್ಲಿ ಕೂಡಿ ನುಡಿಯುತ್ತಿರುವ ಸ್ವರಗಳನ್ನು ಗಮನಿಸಿ ಅವುಗಳನ್ನು ಪರಸ್ಪರ ಹೊಂದಿಸುತ್ತದೆ. ಪಾಶ್ಚಾತ್ಯ ಸ್ವರಮೇಳನಕ್ಕೆ ಇದು ಉಪಯುಕ್ತ. ಅಲ್ಲಿಯೂ ಎಚ್ಚರ ಬೇಕು. 240ರ ಷಡ್ಜದಿಂದ 400ರ ಧೈವತಕ್ಕೆ, ಅದರಿಂದ ಶುದ್ಧ ಸಂವಾದದಲ್ಲಿ ರಿಷಭಕ್ಕೆ, ಪಂಚಮಕ್ಕೆ, ಮರಳಿ ಷಡ್ಜಕ್ಕೆ ಬಂದರೆ ಷಡ್ಜವು 237ಕ್ಕೆ ಇಳಿದಿರುತ್ತದೆ. ಇಂತಹ ಐದು ಸುತ್ತುಗಳಲ್ಲಿ ಸುಮಾರು ಅರ್ಧಸ್ವರವೇ ಕುಸಿಯುತ್ತದೆ. ಹೆಜ್ಜೆಹೆಜ್ಜೆಯೂ ಸರಿ, ಪಯಣ ಮಾತ್ರ ತಪ್ಪು! ಆದುದರಿಂದ ಅಂತಹ ತಂತ್ರಾಂಶವು ಈ ಜಾರುವಿಕೆಯನ್ನು ತಡೆಯುವ ಏರ್ಪಾಡನ್ನೂ ಒಳಗೊಂಡಿರಬೇಕಾಗುತ್ತದೆ. ರಾಗಸಂಗೀತದಲ್ಲಿ ಈ ಭಯವಿಲ್ಲ, ಆಧಾರಷಡ್ಜ ಅಚಲ. ಆದರೆ ರಾಗದ ಧೈವತವು ರಿಷಭವನ್ನು ನೆಚ್ಚಿದೆಯೋ ಮಧ್ಯಮವನ್ನು ನೆಚ್ಚಿದೆಯೋ ಎಂಬುದನ್ನು ಬಲ್ಲವನೇ ಯಂತ್ರಕ್ಕೆ ಹೇಳಬೇಕು.

ಇನ್ನೊಂದು ಮಿತಿ ಗಮಕದ್ದು. ತೋಡಿಯ ಗಾಂಧಾರ ಒಂದು ಬಿಂದುವಲ್ಲ, ಒಂದು ಚಲನೆ. ಜೈರಾಜ್‌ಭಾಯ್ ಮತ್ತು ಸ್ಟೋನ್ 1963ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಹಿಂದೂಸ್ತಾನಿ ಕಲಾವಿದರ ಸ್ವರಸ್ಥಾನಗಳು ಒಬ್ಬರಿಂದೊಬ್ಬರಿಗೆ ಭಿನ್ನವಾಗಿದ್ದುದು ಕಂಡುಬಂದಿತು. ಆದುದರಿಂದ ಪ್ರಮಾಣಗಳ ಪಟ್ಟಿಯೇ ರಾಗವೆಂದು ಭ್ರಮಿಸಲಾಗದು. ಸ್ವರ ನಿಲ್ಲಬೇಕಾದಲ್ಲಿ ಎಲ್ಲಿ ನಿಂತರೆ ನಾದ ಶಾಂತವಾಗುತ್ತದೆಂಬುದನ್ನು ಪಟ್ಟಿ ತೋರಿಸುತ್ತದೆ. ಚಲಿಸುವುದನ್ನು ಗುರುಮುಖದಿಂದಲೇ ಕಲಿಯಬೇಕು.

6. ಪಾಠದಲ್ಲಿ ಇದರ ಬಳಕೆ

ಬಾಲ್ಯದಲ್ಲಿ ಕೇಳಿದ ಗಾಂಧಾರವೇ ಮಕ್ಕಳಿಗೆ ಸರಿಯಾದ ಗಾಂಧಾರ. ದಿನವೂ 400 ಸೆಂಟಿನ ಮನೆಯನ್ನೇ ಅನುಸರಿಸಿ ಹಾಡಿದ ಮಗುವಿಗೆ ತಂಬೂರಿಯೊಳಗಣ ಗಾಂಧಾರ ತಗ್ಗಾಗಿ ತೋರಿದರೆ ಆಶ್ಚರ್ಯವಿಲ್ಲ. ಇಲ್ಲಿ ಕಳೆದುಹೋಗಬಹುದಾದುದು ಒಂದು ವಾದ್ಯದ ಮರ್ಯಾದೆಯಲ್ಲ, ಒಂದು ತಲೆಮಾರಿನ ಕಿವಿ. ಕಳೆದುಹೋಗಿದೆಯೆಂಬ ಅರಿವೂ ಇಲ್ಲದೆ ಅದು ಕಳೆದುಹೋಗುವುದು ಹೆಚ್ಚಿನ ಹಾನಿ.

ಇದಕ್ಕೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊರಗಿಡಬೇಕಾಗಿಲ್ಲ. ಮೊದಲು ತಂಬೂರಿಯ ಮುಂದೆ ಮಕ್ಕಳನ್ನು ಕುಳ್ಳಿರಿಸಿ ಷಡ್ಜ ಪಂಚಮಗಳನ್ನು ಆಲಿಸಲು ಬಿಡಬೇಕು. ಅನಂತರ ತಂತ್ರಾಂಶದಿಂದ 240ರ ಷಡ್ಜದೊಡನೆ 302.4ನ್ನು ಕೇಳಿಸಿ ನಡುಕವನ್ನು ಗುರುತಿಸಲು ಹೇಳಬೇಕು. ಮೆಲ್ಲನೆ 300ಕ್ಕೆ ಇಳಿಸಿ ಆ ನಡುಕ ನಿಲ್ಲುವ ಕ್ಷಣವನ್ನು ಅವರೇ ಕೈಯೆತ್ತಿ ತೋರಿಸುವಂತೆ ಮಾಡಬೇಕು. ಆಮೇಲೆ 270ರ ರಿಷಭದೊಡನೆ 400, 405ರ ಧೈವತಗಳನ್ನು ಒಂದರ ಹಿಂದೊಂದು ಕೇಳಿಸಿದರೆ, ಭರತನು ಎರಡು ವೀಣೆಗಳಿಂದ ತೋರಿಸಿದ ಭೇದವು ಶಾಲೆಯ ಕೊಠಡಿಯಲ್ಲೇ ಪ್ರತ್ಯಕ್ಷವಾಗುತ್ತದೆ. ಕೊನೆಗೆ ಯಂತ್ರವನ್ನು ನಿಲ್ಲಿಸಿ ಅದೇ ಸ್ವರವನ್ನು ಕಂಠದಲ್ಲಿ ಹಿಡಿಸಬೇಕು. ಯಂತ್ರ ನಿಂತ ಮೇಲೂ ಸ್ವರವು ಮಗುವಿನ ಕಂಠದಲ್ಲಿ ನಿಂತರೆ ಪಾಠ ಸಾರ್ಥಕ. ನಿಲ್ಲದಿದ್ದರೆ ಎಷ್ಟು ಬೆಲೆಯ ಉಪಕರಣವಿದ್ದರೂ ಅದು ಬೀರುವಿನ ಅಲಂಕಾರ ಮಾತ್ರ.