ಬಾಡಿಗೆ ಮನೆಯ ಹಾಲ್‌ಗೆ ಸೌಂಡ್‌ಬಾರ್: ಫಿಟ್ಟಿಂಗ್ ಮಾಡುವವನ ಅನುಭವದ ಪಾಠಗಳು

ಟಿವಿ ಗೋಡೆಗೆ ಹಾಕುವುದು, ಸ್ಪೀಕರ್ ಜೋಡಿಸುವುದು, ಮನೆ ಬದಲಿಸುವಾಗ ಅದನ್ನೇ ಬಿಚ್ಚಿ ಇನ್ನೊಂದು ಕಡೆ ಕಟ್ಟುವುದು ನನ್ನ ಕಸುಬು. ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಬಾಡಿಗೆದಾರರು. ಒನ್ ಬಿಎಚ್‌ಕೆ, ಹತ್ತು ಅಡಿಗೆ ಹನ್ನೆರಡು ಅಡಿ ಹಾಲ್, ಕೆಳಗಡೆ ಓನರ್ ಮನೆ. ಸೌಂಡ್‌ಬಾರ್ ರಿವ್ಯೂ ಮಾಡುವವರು ಗುಡುಗು ಎಷ್ಟು ಜೋರಾಗಿ ಬರುತ್ತದೆ ಎಂದು ಹೇಳುತ್ತಾರೆ. ಇಂಥ ಮನೆಯವರಿಗೆ ಬೇಕಾದ್ದು ಬೇರೆ: ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗ, ಟಿವಿಯಲ್ಲಿ ಆಡಿದ ಮಾತು ಮಾತಾಗಿಯೇ ಕೇಳಬೇಕು, ಪಕ್ಕದವರಿಗೆ ಕೇಳಬಾರದು. ನಾನು ಆರಿಸಿಕೊಡುವುದು ಈ ಲೆಕ್ಕದಲ್ಲಿ.

1. ಕೊಳ್ಳುವ ಮುಂಚೆ ಟಿವಿಯನ್ನೇ ಸರಿಮಾಡಿ ನೋಡಿ

ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಹೋಯಿತು. ಬಹುಪಾಲು ಟಿವಿಗಳಲ್ಲಿ ಅದು ಕೆಳಮುಖವಾಗಿ ಇಲ್ಲವೇ ಹಿಂದಕ್ಕೆ ತಿರುಗಿ ಕೂತಿರುತ್ತದೆ. ಸದ್ದು ಟೇಬಲ್‌ಗೋ ಗೋಡೆಗೋ ಬಡಿದು ಆಮೇಲೆ ಕಿವಿಗೆ ಬರುತ್ತದೆ. ಸೀರಿಯಲ್‌ನಲ್ಲಿ ಹಿನ್ನೆಲೆ ಸಂಗೀತ ಅಬ್ಬರಿಸಿ ಅತ್ತೆ ಸೊಸೆಗೆ ಏನಂದಳೋ ಗೊತ್ತಾಗದೆ ಹೋಗುವುದು ಇದರಿಂದಲೇ. ಸೌಂಡ್ ಮೋಡ್‌ನಲ್ಲಿ ‘ಕ್ಲಿಯರ್ ವಾಯ್ಸ್’, ‘ನ್ಯೂಸ್’, ‘ಸ್ಪೀಚ್’ ಅಂತ ಏನಾದರೂ ಇದ್ದರೆ ಎರಡು ದಿನ ಅದರಲ್ಲೇ ನೋಡಿ. ಅಷ್ಟಕ್ಕೇ ಸಮಾಧಾನವಾದವರಿದ್ದಾರೆ. ನನಗೆ ಗಿರಾಕಿ ತಪ್ಪಿತು, ಅವರಿಗೆ ದುಡ್ಡು ಉಳಿಯಿತು.

2. ಟಿವಿಯ ಬೆನ್ನು ನೋಡದೆ ಅಂಗಡಿಗೆ ಹೋಗಬೇಡಿ

ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಪಕ್ಕ ‘ಎಆರ್‌ಸಿ’ ಅಥವಾ ‘ಇ-ಎಆರ್‌ಸಿ’ ಅಂತ ಬರೆದಿದೆಯೇ? ಇದ್ದರೆ ಅರ್ಧ ಕೆಲಸ ಮುಗಿಯಿತು. 2009ರ ಎಚ್‌ಡಿಎಂಐ 1.4ರಿಂದ ಎಆರ್‌ಸಿ ಸೌಲಭ್ಯ ಬಂದಿದೆ. ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಟಿವಿಯೊಳಗಿನ ಆ್ಯಪ್ ಯಾವುದರ ಸದ್ದಾದರೂ ಒಂದೇ ಕೇಬಲ್‌ನಲ್ಲಿ ಟಿವಿಯಿಂದ ಬಾರ್‌ಗೆ ಹೋಗುತ್ತದೆ. ಇನ್ನೂ ದೊಡ್ಡ ಲಾಭ ಎಂದರೆ ಟಿವಿ ರಿಮೋಟ್‌ನಲ್ಲೇ ಬಾರ್‌ನ ವಾಲ್ಯೂಮ್ ಏರಿಳಿಯುತ್ತದೆ, ಟಿವಿ ಆರಿಸಿದರೆ ಬಾರ್ ಕೂಡ ಆರುತ್ತದೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಈ ಒಂದು ಅನುಕೂಲಕ್ಕೇ ಸಾವಿರ ರೂಪಾಯಿ ಹೆಚ್ಚು ಕೊಡಬಹುದು. ಎರಡು ರಿಮೋಟ್ ಇರುವ ಮನೆಯಲ್ಲಿ ವಾರ ಕಳೆಯುವುದರೊಳಗೆ ಬಾರ್ ಮೂಲೆ ಸೇರುವುದನ್ನು ಕಂಡಿದ್ದೇನೆ. ಒಂದೇ ರಿಮೋಟ್‌ನಲ್ಲಿ ಎರಡನ್ನೂ ನಡೆಸುವ ಸೌಲಭ್ಯಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಸೆಟ್ಟಿಂಗ್‌ನಲ್ಲಿ ಆನ್ ಆಗಿರಬೇಕು.

ಎಆರ್‌ಸಿ ಇಲ್ಲದ ಹಳೆಯ ಟಿವಿಗೆ ಆಪ್ಟಿಕಲ್ ಕೇಬಲ್ ಸಾಕು, ಸದ್ದಿನ ಗುಣದಲ್ಲಿ ಕಡಿಮೆ ಬೆಲೆಯ ಬಾರ್‌ಗಳಲ್ಲಿ ವ್ಯತ್ಯಾಸ ಗೊತ್ತಾಗದು. ಬ್ಲೂಟೂತ್ ಹಾಡಿಗೆ ಮಾತ್ರ ಇರಲಿ. ಟಿವಿಗೆ ಕಟ್ಟಿದರೆ ಸದ್ದು ತಡವಾಗಿ ಬರುವುದುಂಟು: ಬಾಯಿ ಮೊದಲು, ಮಾತು ಆಮೇಲೆ. ನ್ಯೂಸ್ ಓದುವವರ ಮುಖ ನೋಡಿದರೆ ತಕ್ಷಣ ತಿಳಿಯುತ್ತದೆ.

3. ಸಿನಿಮಾ ಹಾಕಿದ ಕೂಡಲೇ ಸದ್ದು ಮಾಯವಾದರೆ ಬಾರ್ ಕೆಟ್ಟಿಲ್ಲ

ಯೂಟ್ಯೂಬ್‌ಗೆ ಸದ್ದು ಬರುತ್ತದೆ, ಒಟಿಟಿ ಸಿನಿಮಾಗೆ ಬರುವುದಿಲ್ಲ. ಹೊಸ ಬಾರ್ ಕೊಂಡವರಿಂದ ನನಗೆ ಬರುವ ಫೋನ್‌ಗಳಲ್ಲಿ ಬಹಳಷ್ಟು ಇದೇ. ಕಡಿಮೆ ಬೆಲೆಯ ಹಲವು ಬಾರ್‌ಗಳಿಗೆ ಡಾಲ್ಬಿ ಸಿಗ್ನಲ್ ಅರ್ಥವಾಗುವುದಿಲ್ಲ. ಟಿವಿ ಡಾಲ್ಬಿ ಕಳಿಸುತ್ತದೆ, ಬಾರ್ ಮೌನವಾಗಿ ಕೂರುತ್ತದೆ. ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಅನ್ನು ‘ಆಟೊ’ದಿಂದ ‘ಪಿಸಿಎಂ’ಗೆ ಬದಲಿಸಿ. ಡಬ್ಬದ ಮೇಲೆ ಡಾಲ್ಬಿ ಗುರುತು ನಿಜವಾಗಿ ಇರುವ ಬಾರ್‌ಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

4. ಡಬ್ಬದ ವ್ಯಾಟ್ ಬಿಡಿ, ಅಡಾಪ್ಟರ್ ಓದಿ

“ಅಣ್ಣಾ, ಇದು ಇನ್ನೂರು ವ್ಯಾಟ್ ಅಂತೆ, ನಮ್ಮ ಹಾಲ್‌ಗೆ ಸಾಕಾಗುತ್ತಾ?” ಎಂದು ಹುಡುಗರು ಕೇಳುತ್ತಾರೆ. ಟೇಪ್‌ರೆಕಾರ್ಡರ್ ಕಾಲದಲ್ಲಿ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದು ಮಾರುತ್ತಿದ್ದರು. ಆ ಚಾಳಿ ಪೂರ್ತಿ ಹೋಗಿಲ್ಲ. ಬಾರ್ ಜೊತೆ ಬರುವ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. 18 ವೋಲ್ಟ್, 2 ಆಂಪ್ ಅಂತಿದ್ದರೆ ಗುಣಿಸಿ: 36 ವ್ಯಾಟ್. ಅಷ್ಟು ಒಳಹೋಗುವ ಪೆಟ್ಟಿಗೆಯಿಂದ ಎಡೆಬಿಡದೆ ಇನ್ನೂರು ವ್ಯಾಟ್ ಹೊರಬರಲು ಸಾಧ್ಯವೇ ಇಲ್ಲ.

ಅಷ್ಟು ಬೇಕಾಗಿಯೂ ಇಲ್ಲ. ಆರೇಳು ಅಡಿ ದೂರದಲ್ಲಿ ಕೂತು ಮಾಮೂಲಿ ಸದ್ದಿನಲ್ಲಿ ಟಿವಿ ನೋಡುವಾಗ ಸ್ಪೀಕರ್ ತಿನ್ನುವುದು ಒಂದೆರಡು ವ್ಯಾಟ್. ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹೀಗಿರುವಾಗ 120ಕ್ಕೂ 160ಕ್ಕೂ ನಡುವೆ ತಲೆಕೆಡಿಸಿಕೊಳ್ಳುವುದು ವ್ಯರ್ಥ.

5. ವೂಫರ್ ಬಗ್ಗೆ ಮೊದಲು ಕೆಳಗಿನ ಮನೆಯವರ ಕಡೆಯಿಂದ ಯೋಚಿಸಿ

ಅಂಗಡಿಯಲ್ಲಿ ವೂಫರ್, ಅಂದರೆ ಬಾಸ್‌ಗೆಂದೇ ಬೇರೆ ಪೆಟ್ಟಿಗೆ, ಇರುವ ಸೆಟ್ ಹಾಕಿದ ಕೂಡಲೇ ಎದೆ ಝುಂ ಅನ್ನುತ್ತದೆ, ದುಡ್ಡು ಕೈಬಿಟ್ಟು ಹೋಗುತ್ತದೆ. ಅದೇ ಸೆಟ್ ಮನೆಗೆ ತಂದರೆ ಬೇರೆಯದೇ ಸದ್ದು. ಕಾರಣ ಇಷ್ಟೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, 50 ಹರ್ಟ್ಸ್‌ನ ಬಾಸ್ ಅಲೆ ಹೆಚ್ಚುಕಡಿಮೆ ಏಳು ಮೀಟರ್ ಉದ್ದ. ಹನ್ನೆರಡು ಅಡಿಯ ಹಾಲ್ ಆ ಅಲೆಯ ಅರ್ಧದಷ್ಟಿದೆ. ಅದರಿಂದಾಗಿ ಉದ್ದಕ್ಕೆ 47 ಹರ್ಟ್ಸ್ ಆಸುಪಾಸಿನಲ್ಲಿ, ಹತ್ತು ಅಡಿ ಅಗಲಕ್ಕೆ 56ರ ಆಸುಪಾಸಿನಲ್ಲಿ ಕೋಣೆಯೇ ಗುಂಯ್‌ಗುಡುತ್ತದೆ. ಈ ಗುಂಯ್ ಗೋಡೆಗಳ ಹತ್ತಿರ ಜಾಸ್ತಿ, ನಡುವೆ ಕಡಿಮೆ. ಸಣ್ಣ ಹಾಲ್‌ನಲ್ಲಿ ಸೋಫಾ ಗೋಡೆಗೆ ಒರಗಿಯೇ ಇರುತ್ತದೆ, ವೂಫರ್‌ಗೆ ಮೂಲೆ ಬಿಟ್ಟರೆ ಬೇರೆ ಜಾಗವಿರುವುದಿಲ್ಲ, ಮೂಲೆ ಬಾಸನ್ನು ಇನ್ನೂ ಉಬ್ಬಿಸುತ್ತದೆ. ಹಾಡಿನ ಒಂದು ಸ್ವರ ಮಾತ್ರ ಊದಿಕೊಂಡು ಉಳಿದದ್ದೆಲ್ಲ ಅದರ ಅಡಿಗೆ ಬೀಳುತ್ತದೆ.

ಇನ್ನು ಗೋಡೆ. ನಾಲ್ಕು ಇಂಚಿನ ಬ್ಲಾಕ್ ಗೋಡೆ ಮಾತನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಬಾಸನ್ನು ತಡೆಯುವುದಿಲ್ಲ. ವೂಫರ್ ಕೆಳಗೆ ರಬ್ಬರ್ ಮ್ಯಾಟ್ ಇಟ್ಟರೆ ನೆಲದ ನಡುಕ ಒಂದಿಷ್ಟು ಕಡಿಮೆಯಾಗುತ್ತದೆ ನಿಜ. ಗಾಳಿಯಲ್ಲಿ ಹೋಗುವ ಬಾಸ್ ಹೋಗೇ ಹೋಗುತ್ತದೆ. ಫೋನಿನ ಆ್ಯಪ್‌ನಲ್ಲಿ ಡೆಸಿಬೆಲ್ ಅಳೆದು “ನೋಡಿ, ಕಡಿಮೆಯೇ ಇದೆ” ಅನ್ನುವವರೂ ಇದ್ದಾರೆ. ಮಾಮೂಲಿ ‘ಎ’ ಅಳತೆಯಲ್ಲಿ 50 ಹರ್ಟ್ಸ್ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿತ ಮಾಡಿಯೇ ತೋರಿಸುತ್ತಾರೆ. ಮೀಟರ್‌ಗೆ ಕಾಣದ್ದು ಕೆಳಗಿನ ಮನೆಯ ಮಂಚಕ್ಕೆ ಗೊತ್ತಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆದರೆ ಬಾಡಿಗೆದಾರರ ಪಾಲಿಗೆ ನಿಯಮಕ್ಕಿಂತ ಮೊದಲು ಓನರ್ ಆಂಟಿ ಮೆಟ್ಟಿಲು ಹತ್ತಿ ಬರುತ್ತಾರೆ.

“ಬೇಡವಾದಾಗ ವೂಫರ್ ಆಫ್ ಮಾಡಿದರಾಯಿತಲ್ಲ?” ಆಗುವುದಿಲ್ಲ. ವೂಫರ್ ಜೊತೆ ಬರುವ ಅಗ್ಗದ 2.1 ಸೆಟ್‌ಗಳಲ್ಲಿ ಬಾರ್‌ನೊಳಗಿನ ಸ್ಪೀಕರ್‌ಗಳು ಅಂಗೈಯಗಲಕ್ಕಿಂತ ಚಿಕ್ಕವು. ವೂಫರ್ ಮುಚ್ಚಿದರೆ ಗಂಡಸಿನ ದನಿ ಕೂಡ ಹಳೆಯ ಟೆಲಿಫೋನ್‌ನಲ್ಲಿ ಬಂದ ಹಾಗೆ ತೆಳುವಾಗುತ್ತದೆ. ಅದೇ ಬೆಲೆಗೆ ವೂಫರ್ ಇಲ್ಲದ, ದೊಡ್ಡ ಸ್ಪೀಕರ್‌ಗಳ 2.0 ಬಾರ್ ಕೊಂಡರೆ ಇಡೀ ದುಡ್ಡು ಮಾತಿಗೆ ಬಿದ್ದ ಹಾಗೆ. ವೂಫರ್ ಬೇಕೇ ಬೇಕು ಅನ್ನುವವರು ರಿಮೋಟ್‌ನಲ್ಲಿ ಬಾಸ್‌ಗೆ ಪ್ರತ್ಯೇಕ ಬಟನ್ ಇದೆಯೇ ನೋಡಿಕೊಳ್ಳಿ.

6. ಅಂಗಡಿಯಲ್ಲಿ ನಿಮ್ಮದೇ ಪರೀಕ್ಷೆ ಇಡಿ

ಅಂಗಡಿಯವರು ಹಾಕುವ ಡೆಮೊ ಬಾಸ್ ತೋರಿಸಲೆಂದೇ ಮಾಡಿದ್ದು. ಫೋನಿನಲ್ಲೋ ಪೆನ್‌ಡ್ರೈವ್‌ನಲ್ಲೋ ನೀವು ಮನೆಯಲ್ಲಿ ನಿಜಕ್ಕೂ ನೋಡುವುದನ್ನೇ ಒಯ್ಯಿರಿ. ನನ್ನ ಮೆಚ್ಚಿನ ಪರೀಕ್ಷೆ 2016ರಲ್ಲಿ ತೆರೆಕಂಡ ‘ತಿಥಿ’. ಮಂಡ್ಯ ಸೀಮೆಯ ಹಳ್ಳಿಯವರೇ ಪಾತ್ರ ಮಾಡಿದ ಸಿನಿಮಾ ಅದು. ಮಾತನ್ನು ಸ್ಟುಡಿಯೊದಲ್ಲಿ ಡಬ್ ಮಾಡದೆ ಅಲ್ಲೇ ಹಿಡಿದದ್ದು. ಗಡ್ಡಪ್ಪನ ಗೊಣಗು, ಸೆಂಚುರಿ ಗೌಡನ ಬೈಗುಳ ಸಬ್‌ಟೈಟಲ್ ಇಲ್ಲದೆ, ವಾಲ್ಯೂಮ್ ಅರ್ಧದಲ್ಲಿಟ್ಟು ತಿಳಿಯಿತೆಂದರೆ ಆ ಬಾರ್ ನಿಮ್ಮ ಸೀರಿಯಲ್‌ಗೂ ನ್ಯೂಸ್‌ಗೂ ಸಾಕು. ಆಮೇಲೆ ‘ಕಾಂತಾರ’ದ ದೈವದ ಕೂಗು ಹಾಕಿ; ಅದು ಕಿವಿಗೆ ಚುಚ್ಚುವ ಹಾಗೆ ಒಡೆದು ಬಂದರೆ ಬೇರೆ ಮಾದರಿ ತೋರಿಸಲು ಹೇಳಿ. ಪರೀಕ್ಷೆಗೆ ಮುಂಚೆ ‘ಮೂವಿ’ ಮೋಡ್ ತೆಗೆಸಿ.

ಹಳೆಯ ರಾಜ್‌ಕುಮಾರ್ ಚಿತ್ರಗಳನ್ನೇ ಹೆಚ್ಚು ನೋಡುವ ಮನೆಗೆ ಒಂದು ಮಾತು. ಅವುಗಳ ಧ್ವನಿಪಟ್ಟಿ ಬಹುಪಾಲು ಮೋನೊ. ಸರೌಂಡ್ ಬಟನ್ ಒತ್ತಿದರೆ ಹಾಡು ಹಾಳಾಗುತ್ತದೆಯೇ ಹೊರತು ಹಿಗ್ಗುವುದಿಲ್ಲ.

7. 5.1, ಅಟ್ಮಾಸ್

5.1 ಸೆಟ್‌ನ ಹಿಂದಿನ ಎರಡು ಸ್ಪೀಕರ್‌ಗೆ ಸೋಫಾದ ಹಿಂದೆ ಜಾಗ ಬೇಕು. ನಿಮ್ಮ ಸೋಫಾದ ಹಿಂದೆ ಗೋಡೆ ಇದೆ. ಕಡಿಮೆ ಬೆಲೆಯ ಹಲವು 5.1 ಸೆಟ್‌ಗಳಲ್ಲಿ ಹಿಂದಿನ ಸ್ಪೀಕರ್‌ಗೆ ವೈರ್ ಎಳೆಯಲೇಬೇಕು. ಸೋನಿಯ ಎಚ್‌ಟಿ-ಎಸ್20ಆರ್‌ನಂಥದ್ದರಲ್ಲಿ ಹಿಂದಿನ ಸ್ಪೀಕರ್‌ಗಳ ವೈರ್‌ಗಳು ವೂಫರ್ ಪೆಟ್ಟಿಗೆಗೇ ಬಂದು ಸೇರುತ್ತವೆ. ಸ್ವಂತ ಮನೆಗೆ ಒಳ್ಳೆಯ ಸೆಟ್, ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ತಲೆನೋವು. ತಲೆಯ ಮೇಲಿಂದಲೂ ಸದ್ದು ಬಂದಂತೆ ಕೇಳಿಸುವ ಅಟ್ಮಾಸ್‌ನ ಗುರುತು ಅಗ್ಗದ ಬಾರ್ ಮೇಲಿದೆ ಎಂದು ದುಡ್ಡು ಸುರಿಯಬೇಡಿ: ಮೇಲ್ಮುಖದ ಸ್ಪೀಕರ್ ಇಲ್ಲದಿದ್ದರೆ ಅದು ಬರೀ ಲೆಕ್ಕಾಚಾರದ ಭ್ರಮೆ.

8. ಗೋಡೆ ಓನರ್‌ದು

ಬಾರ್ ತೂಗುಹಾಕಲು ಇನ್ನೆರಡು ರಂಧ್ರ ಕೊರೆಯುವ ಮುನ್ನ ಅಗ್ರಿಮೆಂಟ್ ಓದಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಊರಿದು, ರಂಧ್ರಗಳಿಗೆ ಬೇರೆ ಲೆಕ್ಕ ಹೇಳುವವರೂ ಇದ್ದಾರೆ. ಅಂಟುವ ಟೇಪ್ ಡಿಸ್ಟೆಂಪರ್ ಗೋಡೆಗೆ ನಿಲ್ಲುವುದಿಲ್ಲ, ಬೀಳುವಾಗ ಬಣ್ಣದ ಪದರವನ್ನೂ ಕಿತ್ತುಕೊಂಡು ಬೀಳುತ್ತದೆ.

ಟೇಬಲ್ ಮೇಲೆ ಇಡುವುದೇ ಸರಿ, ಅದಕ್ಕೆ ಟೇಪ್ ಹಿಡಿದು ಅಳೆಯಿರಿ. 32 ಇಂಚಿನ ಟಿವಿ ಸುಮಾರು 72 ಸೆಂಟಿಮೀಟರ್ ಅಗಲ, 43 ಇಂಚಿನದು ಸುಮಾರು 96. ಬಾರ್ ಟಿವಿಗಿಂತ ಉದ್ದವಿದ್ದರೆ ನೋಡಲೂ ಚೆನ್ನಲ್ಲ, ಮುಂದಿನ ಮನೆಯ ಷೋಕೇಸ್‌ನಲ್ಲಿ ಹಿಡಿಸುವುದೂ ಇಲ್ಲ. ಎತ್ತರ ಇನ್ನೂ ಮುಖ್ಯ. ಟಿವಿ ಕಾಲಿನ ಎತ್ತರಕ್ಕಿಂತ ಬಾರ್ ಎತ್ತರವಿದ್ದರೆ ಪರದೆಯ ತಳವನ್ನೂ ರಿಮೋಟ್‌ನ ಕಣ್ಣನ್ನೂ ಮುಚ್ಚುತ್ತದೆ. ಬಾರನ್ನು ಟೇಬಲ್‌ನ ಅಂಚಿಗೆ ತಂದಿಡಿ; ಒಳಗೆ ತಳ್ಳಿ ಷೋಕೇಸ್ ಗೂಡಿನಲ್ಲಿ ಹುದುಗಿಸಿದರೆ ಮಾತು ಮತ್ತೆ ಮಂಕಾಗುತ್ತದೆ.

9. ವೈರ್‌ಲೆಸ್‌ಗೂ ಒಂದು ವೈರ್ ಇದೆ

ವೈರ್‌ಲೆಸ್ ವೂಫರ್‌ಗೆ ಕರೆಂಟ್ ವೈರ್ ಬೇಕೇ ಬೇಕು. ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ರೌಟರ್, ಬಾರ್, ವೂಫರ್: ಐದಾಯಿತು. ಟಿವಿ ಹತ್ತಿರ ಇರುವ ಪ್ಲಗ್ ಪಾಯಿಂಟ್ ಎಷ್ಟು, ಎಣಿಸಿಕೊಳ್ಳಿ.

10. ಡಬ್ಬ ಬಿಸಾಡಬೇಡಿ

ಥರ್ಮಾಕೋಲ್ ಸಮೇತ ಅಟ್ಟದ ಮೇಲಿಡಿ. ಮೂರಡಿ ಉದ್ದದ ತೆಳು ಪೆಟ್ಟಿಗೆ ಲಗೇಜ್ ಆಟೊದಲ್ಲಿ ಹಾಸಿಗೆ ಸಂದಿಯಲ್ಲಿ ಸಿಕ್ಕಿ ಬಾಗುವುದು ಸಾಮಾನ್ಯ. ಬಿಲ್‌ನ ಫೋಟೊ ಫೋನಿನಲ್ಲಿರಲಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ‘ರಿಟರ್ನ್’ ಇದೆಯೋ ಬರೀ ‘ರಿಪ್ಲೇಸ್‌ಮೆಂಟ್’ ಇದೆಯೋ ಓದಿಕೊಳ್ಳಿ. ಸದ್ದು ಹಿಡಿಸಲಿಲ್ಲ ಎಂದರೆ ರಿಪ್ಲೇಸ್‌ಮೆಂಟ್‌ನಲ್ಲಿ ಅದೇ ಸದ್ದಿನ ಇನ್ನೊಂದು ಪೆಟ್ಟಿಗೆ ಬರುತ್ತದೆ. ಇಂಥ ಬಾರ್‌ಗಳಲ್ಲಿ ಹೆಚ್ಚಾಗಿ ಒಂದೇ ಬೋರ್ಡ್. ಅದು ಹೋದರೆ ರಿಪೇರಿಗಿಂತ ಹೊಸದೇ ಅಗ್ಗ ಅನ್ನಿಸುವುದುಂಟು. ನಿಮ್ಮೂರಿನಲ್ಲಿ ಸರ್ವಿಸ್ ಸೆಂಟರ್ ಇರುವ ಕಂಪನಿಯನ್ನೇ ನೋಡಿ.

11. ರಾತ್ರಿಗೆ ಹೆಡ್‌ಫೋನ್

ಬಾರ್‌ನಲ್ಲಿ ‘ನೈಟ್’ ಮೋಡ್ ಇದ್ದರೆ ಬಳಸಿ, ಅದು ಜೋರು ಸದ್ದನ್ನು ತಗ್ಗಿಸಿ ಮಾತನ್ನು ಎತ್ತುತ್ತದೆ. ಹತ್ತರ ಮೇಲೆ ಫೈಟಿಂಗ್ ಸಿನಿಮಾ ನೋಡುವ ಆಸೆಗೆ ಹೆಡ್‌ಫೋನ್ ಒಂದೇ ದಾರಿ.

ಒಟ್ಟಿನಲ್ಲಿ ನನ್ನ ಶಿಫಾರಸು: ಹತ್ತು-ಹನ್ನೆರಡು ಅಡಿಯ ಬಾಡಿಗೆ ಹಾಲ್‌ಗೆ ಎಚ್‌ಡಿಎಂಐ ಎಆರ್‌ಸಿ ಇರುವ, ವಾಯ್ಸ್ ಮೋಡ್ ಇರುವ, ಟಿವಿ ಅಗಲದೊಳಗೆ ಕೂರುವ 2.0 ಬಾರ್. ಐದರಿಂದ ಎಂಟು ಸಾವಿರದೊಳಗೆ ಸಿಕ್ಕಿದರೆ ಕೊಳ್ಳಿ, ಹತ್ತು ದಾಟಬೇಡಿ. ಅಂಗಡಿಗೆ ಹೊರಡುವ ಮುನ್ನ ಟಿವಿ ಹಿಂಭಾಗದ ಕಿಂಡಿಗಳ ಫೋಟೊ ತೆಗೆದುಕೊಳ್ಳಿ, ಟೇಬಲ್ ಮತ್ತು ಟಿವಿ ಕಾಲಿನ ಅಳತೆ ಬರೆದುಕೊಳ್ಳಿ.