ಸಾಲದ ಕಾಗದ, ಸಂಘದ ಲೆಕ್ಕ: ಇಂಗ್ಲಿಷ್ ಮಾತುಗಳ ಅರ್ಥ ತಿಳಿಯೋಣ



ಕೆಲವು ವರ್ಷಗಳ ಹಿಂದೆ ಕೆಚ್ಚಲು ಬಾವಿನ ಹಸುವೊಂದನ್ನು ನೋಡಲು ಒಂದು ಊರಿಗೆ ಹೋಗಿದ್ದೆ. ಚಿಕಿತ್ಸೆ ಮುಗಿದ ಮೇಲೆ ಆ ಮನೆಯ ತಾಯಿ ಒಂದು ಸಾಲದ ಕಾಗದ ತಂದು ತೋರಿಸಿದರು. "ಡಾಕ್ಟ್ರೇ, ಪಕ್ಕದ ಮನೆಯವರೂ ಅರವತ್ತು ಸಾವಿರವೇ ತಗೊಂಡಿದ್ದು, ನಾನೂ ಅಷ್ಟೇ. ಅವರಿಗೂ ಹನ್ನೆರಡು ಪರ್ಸೆಂಟು, ನನಗೂ ಹನ್ನೆರಡೇ. ನನ್ನ ಕಂತು ಮಾತ್ರ ಯಾಕೆ ಜಾಸ್ತಿ?" ಎಂದು ಕೇಳಿದರು. ಕಾಗದದಲ್ಲಿ ‘ಫ್ಲ್ಯಾಟ್ ರೇಟ್’ ಎಂದು ಬರೆದಿತ್ತು. ಹಸುವಿನ ಕಾಯಿಲೆ ಬಲ್ಲ ನನಗೂ ಆ ಮಾತಿನ ಅರ್ಥ ಕೂಡಲೇ ಹೊಳೆಯಲಿಲ್ಲ. ಸಂಘದ ಕಾರ್ಯದರ್ಶಿಯವರ ಕ್ಯಾಲ್ಕುಲೇಟರ್ ಹಿಡಿದು ಕುಳಿತ ಮೇಲೆಯೇ ತಿಳಿದದ್ದು. ಇಂತಹ ಕೆಲವು ಮಾತುಗಳನ್ನು ಇಲ್ಲಿ ವಿವರಿಸಿದ್ದೇನೆ.

ಫ್ಲ್ಯಾಟ್ ರೇಟ್, ರೆಡ್ಯೂಸಿಂಗ್ ಬ್ಯಾಲೆನ್ಸ್: ಫ್ಲ್ಯಾಟ್ ರೇಟ್ ಎಂದರೆ ನೀವು ಎಷ್ಟೇ ಕಂತು ಕಟ್ಟಿದ್ದರೂ ಮೊದಲಿನ ಪೂರ್ತಿ ಅಸಲಿನ ಮೇಲೆಯೇ ಬಡ್ಡಿ. 60,000 ರೂ. ಸಾಲಕ್ಕೆ ಶೇ. 12ರಂತೆ 3 ವರ್ಷಕ್ಕೆ 21,600 ರೂ. ಬಡ್ಡಿಯಾಗುತ್ತದೆ. ತಿಂಗಳ ಕಂತು ಸುಮಾರು 2,267 ರೂ. ರೆಡ್ಯೂಸಿಂಗ್ ಬ್ಯಾಲೆನ್ಸ್ ಎಂದರೆ ತೀರಿಸಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಅದೇ ಸಾಲ, ಅದೇ ಶೇ. 12, ಅದೇ 3 ವರ್ಷ; ಆದರೆ ಕಂತು ಸುಮಾರು 1,993 ರೂ., ಒಟ್ಟು ಬಡ್ಡಿ ಸುಮಾರು 11,750 ರೂ. ಎರಡು ಪದಗಳ ನಡುವಿನ ವ್ಯತ್ಯಾಸ ಸುಮಾರು 9,850 ರೂ.! ಆದ್ದರಿಂದ ಸಹಿ ಹಾಕುವ ಮೊದಲು "ಬಡ್ಡಿ ಎಷ್ಟು?" ಎಂದು ಕೇಳಿದರೆ ಸಾಲದು. "ಯಾವ ಮೊತ್ತದ ಮೇಲೆ? ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು?" ಎಂದೂ ಕೇಳಿ.

ಕ್ಯಾಪಿಟಲ್: ಇದು ಬಂಡವಾಳ. ಒಂದು ಸ್ವಾರಸ್ಯ ಗಮನಿಸಿ. ಇಂಗ್ಲಿಷಿನ ‘ಕ್ಯಾಪಿಟಲ್’ ಮತ್ತು ದನಕರು ಎಂಬರ್ಥದ ‘ಕ್ಯಾಟಲ್’ ಎರಡೂ ಒಂದೇ ಲ್ಯಾಟಿನ್ ಮೂಲದಿಂದ ಬಂದ ಪದಗಳು. ನಾವೂ ಗೋಧನ ಎನ್ನುತ್ತೇವಲ್ಲವೇ? ನಿಮ್ಮ ಕೊಟ್ಟಿಗೆಯ ಹಸುವೇ ನಿಮ್ಮ ಕ್ಯಾಪಿಟಲ್. ಅದು ಕೊಡುವ ಹಾಲಿನಿಂದ ಬರುವ ಹಣ ವರಮಾನ. ವರಮಾನವನ್ನು ಖರ್ಚು ಮಾಡಬಹುದು, ಬಂಡವಾಳವನ್ನು ಕಾಪಾಡಿಕೊಳ್ಳಬೇಕು.

ಟರ್ನ್‌ಓವರ್, ನೆಟ್ ಪ್ರಾಫಿಟ್: ವಾರ್ಷಿಕ ಮಹಾಸಭೆಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಮಾತುಗಳಿವು. ಟರ್ನ್‌ಓವರ್ ಎಂದರೆ ಒಟ್ಟು ವಹಿವಾಟು. ನೆಟ್ ಪ್ರಾಫಿಟ್ ಎಂದರೆ ಎಲ್ಲ ಖರ್ಚು ಕಳೆದು ಉಳಿಯುವ ನಿವ್ವಳ ಲಾಭ. ವಹಿವಾಟು ದೊಡ್ಡದಾಗಿದ್ದೂ ಸಂಘ ನಷ್ಟದಲ್ಲಿರಬಹುದು.

ನಿಮ್ಮ ಮನೆಯ ಲೆಕ್ಕವನ್ನೇ ನೋಡಿ. ಹಸು ದಿನಕ್ಕೆ 10 ಲೀಟರಿನಂತೆ 300 ದಿನ ಹಾಲು ಕೊಟ್ಟಿತು, ಲೀಟರಿಗೆ 35 ರೂ. ಸಿಕ್ಕಿತು ಎಂದಿಟ್ಟುಕೊಳ್ಳಿ. ವಹಿವಾಟು 1,05,000 ರೂ. ಪಶು ಆಹಾರ, ಮೇವು, ಔಷಧ, ವಿಮೆ, ಬಡ್ಡಿ ಎಲ್ಲ ಸೇರಿ 80,000 ರೂ. ಖರ್ಚಾದರೆ ಕೈಯಲ್ಲಿ ಉಳಿಯುವುದು 25,000 ರೂ. ಇದನ್ನೇ ಲಾಭವೆನ್ನಬೇಡಿ. ಮುಂದಿನ ಪದವನ್ನೂ ಓದಿ.

ಡಿಪ್ರಿಸಿಯೇಷನ್: ಕನ್ನಡದಲ್ಲಿ ಸವಕಳಿ. 60,000 ರೂ.ಗೆ ತಂದ ಹಸುವಿನ ಬೆಲೆ 5 ವರ್ಷದಲ್ಲಿ 20,000 ರೂ.ಗೆ ಇಳಿದರೆ, ವರ್ಷಕ್ಕೆ 8,000 ರೂ. ಸವೆದಂತೆ. ಹಣ ಕೈಬಿಟ್ಟು ಹೋಗದ ಕಾರಣ ಈ ಖರ್ಚು ಕಾಣುವುದಿಲ್ಲ. ಆದರೆ ಮುಂದಿನ ಹಸು ತರುವಾಗ ಕಾಣುತ್ತದೆ! ಇದನ್ನು ಕಳೆದರೆ ಮೇಲಿನ ಲೆಕ್ಕದಲ್ಲಿ ಉಳಿಯುವುದು 17,000 ರೂ., ಅಂದರೆ ದಿನಕ್ಕೆ ಸುಮಾರು 47 ರೂ. ಬೆಳಗಾಗೆದ್ದು ಸಗಣಿ ಬಾಚಿ ಹಾಲು ಕರೆಯುವ ಮನೆಯ ಹೆಣ್ಣುಮಕ್ಕಳ ಕೂಲಿಯನ್ನು ನಾವಿನ್ನೂ ಹಿಡಿದೇ ಇಲ್ಲ.

ಫಿಕ್ಸೆಡ್ ಕಾಸ್ಟ್: ಉತ್ಪಾದನೆ ಇರಲಿ, ಇಲ್ಲದಿರಲಿ ಮಾಡಲೇಬೇಕಾದ ಖರ್ಚು. ಕೊಟ್ಟಿಗೆ, ವಿಮೆ, ಸಾಲದ ಬಡ್ಡಿ ಇದಕ್ಕೆ ಸೇರುತ್ತವೆ. ಹಾಲು ಬತ್ತಿದ ಹಸುವಿನ ಹೊಟ್ಟೆಯೂ ನಿಮ್ಮ ಪಾಲಿಗೆ ಅಂಥದೇ ಖರ್ಚು. ಒಂದು ಬಾರಿ ಬೆದೆ ಗಮನಿಸದೆ ಬಿಟ್ಟರೆ ಮುಂದಿನ ಬೆದೆಗೆ 21 ದಿನ ಕಾಯಬೇಕು. ಮುಂದಿನ ಕರು, ಮುಂದಿನ ಹಾಲು ಅಷ್ಟು ದಿನ ಹಿಂದೆ ಬೀಳುತ್ತವೆ. ಬೆಳಿಗ್ಗೆ, ಸಂಜೆ ಬೆದೆ ಲಕ್ಷಣ ನೋಡಿ ಸಕಾಲಕ್ಕೆ ಕೃತಕ ಗರ್ಭಧಾರಣೆ ಮಾಡಿಸಿ. ಲಾಭ ಹೆಚ್ಚಿಸಲು ನಿಮ್ಮ ಕೈಯಲ್ಲೇ ಇರುವ ಉಪಾಯವಿದು.

ಇನ್ಸೆಂಟಿವ್, ಬೋನಸ್, ಡಿವಿಡೆಂಡ್: ಮೂರನ್ನೂ ‘ಬೋನಸ್ ದುಡ್ಡು’ ಎಂದುಬಿಡುವವರುಂಟು. ಮೂರೂ ಬೇರೆ ಬೇರೆ.

1. ಇನ್ಸೆಂಟಿವ್ ಎಂದರೆ ಪ್ರೋತ್ಸಾಹಧನ. ನಮ್ಮ ರಾಜ್ಯ ಸರಕಾರ 2008ರಲ್ಲಿ ಲೀಟರಿಗೆ 2 ರೂ.ನಂತೆ ಆರಂಭಿಸಿ, 2013ರಲ್ಲಿ 4 ರೂ., 2016ರಲ್ಲಿ 5 ರೂ.ಗೆ ಏರಿಸಿತು. ಇದು ಸರಕಾರದ ಹಣ, ಸಂಘದ ಲಾಭವಲ್ಲ.
2. ಬೋನಸ್ ಸಂಘದ ಲಾಭದಿಂದ ಬರುವುದು. ನೀವು ಹಾಕಿದ ಹಾಲಿನ ಲೆಕ್ಕಕ್ಕೆ ತಕ್ಕಂತೆ ಸಿಗುತ್ತದೆ.
3. ಡಿವಿಡೆಂಡ್ ಎಂದರೆ ಲಾಭಾಂಶ. ಇದೂ ಲಾಭದಿಂದಲೇ ಬರುವುದಾದರೂ ನಿಮ್ಮ ಷೇರು ಹಣಕ್ಕೆ ತಕ್ಕಂತೆ ಸಿಗುತ್ತದೆ.

ಸಂಘಕ್ಕೆ ಹಾಕದೆ ಹೊರಗೆ ಮಾರಿದ ಹಾಲಿಗೆ ಸಂಘದ ಬೋನಸ್ ಇಲ್ಲವೆಂಬುದನ್ನು ಮರೆಯಬೇಡಿ.

ಸಬ್ಸಿಡಿ: ಸಹಾಯಧನ. ಸಬ್ಸಿಡಿ ಇದೆ ಎಂದ ಮಾತ್ರಕ್ಕೆ ಪೂರ್ತಿ ಸಾಲ ಮನ್ನಾ ಎಂದಲ್ಲ. ಕೆಲವು ಯೋಜನೆಗಳಲ್ಲಿ ನೀವು ಕಂತುಗಳನ್ನು ಸರಿಯಾಗಿ ಕಟ್ಟುತ್ತ ಬಂದರೆ ಮಾತ್ರ ಕೊನೆಯಲ್ಲಿ ಸಬ್ಸಿಡಿ ಸಾಲಕ್ಕೆ ಜಮಾ ಆಗುತ್ತದೆ. ಶರತ್ತನ್ನು ಮೊದಲೇ ಕೇಳಿ ತಿಳಿಯಿರಿ.

ಇನ್‌ಫ್ಲೇಷನ್: ಹಣದುಬ್ಬರ. ಹಾಲಿನ ದರ ಶೇ. 5 ಏರಿ, ಹಿಂಡಿ, ಬೂಸಾ ಮತ್ತು ಮನೆಯ ದಿನಸಿಯ ದರ ಶೇ. 8 ಏರಿದರೆ ನಿಮ್ಮ ಕೈಗೆ ಹೆಚ್ಚು ನೋಟು ಬಂದರೂ ಕೊಳ್ಳುವ ಶಕ್ತಿ ಕುಗ್ಗಿದೆ ಎಂದೇ ಅರ್ಥ.

ಆ ತಾಯಿಯ ಸಾಲ ಆಗಲೇ ಸಹಿಯಾಗಿಹೋಗಿತ್ತು. ನಾನು ಕೊಡಬಹುದಾಗಿದ್ದುದು ಲೆಕ್ಕದ ಚೀಟಿಯೊಂದನ್ನೇ. ಮುಂದಿನ ಹಸುವಿಗೆ ಸಾಲ ಮಾಡುವಾಗ ಅವರು ಆ ಚೀಟಿ ಹಿಡಿದುಕೊಂಡೇ ಹೋಗಿ, ಒಟ್ಟು ಎಷ್ಟು ಕಟ್ಟಬೇಕೆಂದು ಮೊದಲು ಬರೆಸಿಕೊಂಡರಂತೆ. ನೀವೂ ಹಾಗೆಯೇ ಮಾಡಿ. ಮಹಾಸಭೆಯಲ್ಲಿ ಅರ್ಥವಾಗದ ಮಾತು ಬಂದರೆ ಎದ್ದು ನಿಂತು, "ಕನ್ನಡದಲ್ಲಿ ಹೇಳಿ ಸ್ವಾಮಿ" ಎಂದು ಕೇಳಿ. ಸಂಘ ನಿಮ್ಮದು. ಕೇಳುವುದು ನಿಮ್ಮ ಹಕ್ಕು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

– ಪಶುವೈದ್ಯ ವಿಸ್ತರಣಾಧಿಕಾರಿ